ಉರು ಎಂದರೆ ಉಪ್ಪು ರುಚಿಗೆ ತಕ್ಕಷ್ಟು

ನಮ್ಮ ಮನೆಯಾಕೆಗೆ ಬೆರಳಿನ ಗಂಟುಗಳಲ್ಲಿ ನೋವು. ಪೆನ್ನು ಹಿಡಿದರೆ ನಾಲ್ಕು ಸಾಲಿಗೇ ಬೆರಳು ಸೆಟೆದುಕೊಳ್ಳುತ್ತದೆ. ಆದರೂ ತನಗೆ ಗೊತ್ತಿರುವ ತಂಬುಳಿ, ಅಪ್ಪೆಹುಳಿ, ಗೊಜ್ಜುಗಳನ್ನೆಲ್ಲ ಮೊಮ್ಮಕ್ಕಳಿಗೆ ಬರೆದಿಡಬೇಕೆಂಬ ಹಟ ಬಿಟ್ಟಿಲ್ಲ.

ಕಂಪ್ಯೂಟರಿನಲ್ಲಿ ಬರೆಯಲು ನಾವು ಲಿಬ್ರೆ ಆಫೀಸ್ ಬಳಸುತ್ತೇವೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ತಪ್ಪು ಕಾಗುಣಿತವನ್ನು ತಾನಾಗಿಯೇ ತಿದ್ದುವ ಆಟೊಕರೆಕ್ಟ್ ಎಂಬ ಸೌಲಭ್ಯ ಅದರಲ್ಲಿದೆ. ನಾವು ಅದನ್ನು ಬೇರೆ ಕೆಲಸಕ್ಕೆ ಹಚ್ಚಿದೆವು. 'ಉರು' ಎಂದು ಎರಡಕ್ಷರ ಒತ್ತಿ ಜಾಗ ಬಿಟ್ಟರೆ 'ಉಪ್ಪು ರುಚಿಗೆ ತಕ್ಕಷ್ಟು' ಎಂದು ಪೂರ್ತಿ ಮೂಡುತ್ತದೆ. 'ಸಾಇಒ' ಎಂದರೆ 'ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಕೊಡಬೇಕು'. ಎರಡು ವರ್ಷದಲ್ಲಿ ಇಂಥ ಕಿರುರೂಪಗಳು ನೂರು ದಾಟಿದವು. ಅವಳ ಬೆರಳಿಗೆ ಅದೇ ಔಷಧಿಯಾಯಿತು.

ಒಮ್ಮೆ ಕಂಪ್ಯೂಟರು ತೀರ ನಿಧಾನವಾಯಿತೆಂದು ಅಂಗಡಿಗೆ ಕೊಟ್ಟೆ. ಅಲ್ಲಿಯ ಹುಡುಗ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿ ಕೊಟ್ಟ. "ಅಂಕಲ್, ನಿಮ್ಮ ಫೈಲುಗಳೆಲ್ಲ ಭದ್ರವಾಗಿವೆ" ಎಂದ. ನಿಜ, ಬರೆದಿಟ್ಟ ಅಡುಗೆಗಳೆಲ್ಲ ಇದ್ದವು. ಮನೆಯಾಕೆ ಕುಳಿತು 'ಉರು' ಎಂದು ಒತ್ತಿದಳು. ತೆರೆಯ ಮೇಲೆ 'ಉರು' ಎಂದೇ ಉಳಿಯಿತು. ಮತ್ತೊಮ್ಮೆ ಒತ್ತಿದಳು, ಮತ್ತೂ ಅಷ್ಟೇ. ಆಮೇಲೆ ಮೂರು ತಿಂಗಳು ಅವಳು ಆ ಕುರ್ಚಿಯ ಹತ್ತಿರ ಸುಳಿಯಲಿಲ್ಲ. ಬೇಸಿಗೆ ರಜೆಗೆ ಬಂದ ಮೊಮ್ಮಗಳು ಅಜ್ಜಿಯನ್ನು ಕೂರಿಸಿಕೊಂಡು, ಹಳೆಯ ಅಡುಗೆಗಳನ್ನು ಓದಿಸಿ, ನೆನಪಾದಷ್ಟು ಕಿರುರೂಪಗಳನ್ನು ಮತ್ತೆ ಸೇರಿಸಿದಳು. ಕೆಲವು ಇವತ್ತಿಗೂ ನೆನಪಾಗಿಲ್ಲ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಈ ತಪ್ಪು ಹೊಳೆಯಬೇಕಿತ್ತು. ನಮ್ಮ ಶಾಖೆ ಹೊಸ ಕಟ್ಟಡಕ್ಕೆ ಹೋದಾಗ ಮೇಜು, ಕುರ್ಚಿ, ಕೌಂಟರು ಎಲ್ಲ ಹೊಸದಾದವು. ಆದರೆ ಗ್ರಾಹಕರ ಸಹಿಯ ಮಾದರಿ ಕಾರ್ಡುಗಳ ಪೆಟ್ಟಿಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಒಯ್ದೆವು. ಅದಿಲ್ಲದಿದ್ದರೆ ಕೌಂಟರು ಎಷ್ಟು ಚೆಂದವಿದ್ದರೂ ಒಂದು ಚೆಕ್ಕೂ ಪಾಸಾಗದು. ತಂತ್ರಾಂಶವೂ ಹಾಗೆಯೇ. ಕಟ್ಟಡ ಬೇರೆ, ಕಾರ್ಡಿನ ಪೆಟ್ಟಿಗೆ ಬೇರೆ.

ಪೆಟ್ಟಿಗೆ ಎಲ್ಲಿದೆ ಎಂಬುದೇ ತೊಡಕು. ವಿಂಡೋಸ್ ಅದನ್ನು ಆಪ್‌ಡೇಟಾ ಎಂಬ ಫೋಲ್ಡರಿನೊಳಗೆ ಇಡುತ್ತದೆ, ಮತ್ತು ಆ ಫೋಲ್ಡರು ಸಾಮಾನ್ಯವಾಗಿ ಕಣ್ಣಿಗೆ ಕಾಣದಂತೆ ಅಡಗಿರುತ್ತದೆ. ಅಂಗಡಿಯ ಹುಡುಗ ಕಂಡದ್ದನ್ನು ಉಳಿಸಿದ, ಕಾಣದ್ದು ಹೋಯಿತು.

ಈಚೆಗೆ ಹೊಸ ಆವೃತ್ತಿ ಬಂದಿದೆ ಎಂದು ತೆರೆಯ ಮೇಲೆ ಸೂಚನೆ ಬಂತು. "ಹೊಸತು ಬೇಡ, ಇದ್ದದ್ದೇ ಇರಲಿ" ಎಂದು ಮನೆಯಾಕೆ ಅಡ್ಡ ನಿಂತಳು. ಆದರೆ ಹೊಸ ಆವೃತ್ತಿಗಳಲ್ಲಿ ಹಳೆಯ ದೋಷಗಳ ಜೊತೆಗೆ ಕಳ್ಳರು ನುಸುಳುವ ಕಿಂಡಿಗಳನ್ನೂ ಮುಚ್ಚಿರುತ್ತಾರೆ. ಬೇಡವೆನ್ನುತ್ತ ಕೂರುವಂತಿಲ್ಲ. ದಸರಾ ರಜೆಗೆ ಬಂದಿದ್ದ ಮೊಮ್ಮಗಳು, ಎಂಟನೇ ತರಗತಿಯವಳು, "ಅಜ್ಜ, ಮೊದಲು ನಕಲು, ಆಮೇಲೆ ಹೊಸತು" ಎಂದಳು.

ಲಿಬ್ರೆ ಆಫೀಸನ್ನು ಪೂರ್ತಿ ಮುಚ್ಚಿದಳು. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ ಆರ್ ಕೀಲಿಯನ್ನೂ ಒಟ್ಟಿಗೆ ಒತ್ತಿದಾಗ ಒಂದು ಪುಟ್ಟ ಚೌಕ ತೆರೆಯಿತು. ಅದರಲ್ಲಿ ಇಂಗ್ಲಿಷಿನಲ್ಲಿ ಆಪ್‌ಡೇಟಾ ಎಂದು ಬರೆದಳು. ಮುಂದೊಂದು, ಹಿಂದೊಂದು ಪರ್ಸೆಂಟ್ ಗುರುತು, ನಡುವೆ ಎಲ್ಲೂ ಜಾಗ ಬಿಡಬಾರದು. ಎಂಟರ್ ಒತ್ತಿದೊಡನೆ ಅಡಗಿದ್ದ ಕೋಣೆಯ ಬಾಗಿಲು ತೆರೆಯಿತು. ಒಳಗೆ ಲಿಬ್ರೆ ಆಫೀಸ್, ಅದರೊಳಗೆ '4', ಅದರೊಳಗೆ 'ಯೂಸರ್' ಎಂಬ ಫೋಲ್ಡರು. ಈ '4' ತಮಾಷೆಯದು. 2013ರಲ್ಲಿ ನಾಲ್ಕನೇ ಆವೃತ್ತಿ ಬಂದಾಗ ಇಟ್ಟ ಹೆಸರು. ತಂತ್ರಾಂಶ ಎಷ್ಟೋ ಮುಂದೆ ಹೋಗಿ, 2024ರಿಂದ ಇಸವಿಯನ್ನೇ ಸಂಖ್ಯೆಯಾಗಿ ಇಟ್ಟುಕೊಂಡರೂ ಫೋಲ್ಡರಿನ ಹೆಸರು ಬದಲಾಗಿಲ್ಲ. ಮಗಳು ಅಜ್ಜಿಯಾದರೂ ಮನೆಯಲ್ಲಿ 'ಪಾಪು' ಎಂದೇ ಕರೆದ ಹಾಗೆ!

ಆ ಯೂಸರ್ ಫೋಲ್ಡರನ್ನು ಹಾಗೆಯೇ ಪೆನ್‌ಡ್ರೈವಿಗೆ ನಕಲು ಮಾಡಿದಳು. ಕಿರುರೂಪಗಳು, ನಾವು ಸೇರಿಸಿದ ಪದಗಳ ಪಟ್ಟಿ, ಗುಂಡಿಗಳ ಜೋಡಣೆ ಎಲ್ಲ ಅದರಲ್ಲೇ ಇವೆ. ಹಳೆಯದರ ಮೇಲೆ ಹೊಸ ಆವೃತ್ತಿ ಹಾಕಿದರೆ ಸಾಮಾನ್ಯವಾಗಿ ಈ ಫೋಲ್ಡರಿಗೆ ಏನೂ ಆಗುವುದಿಲ್ಲ. ಅಪಾಯವಿರುವುದು ಎಲ್ಲ ಅಳಿಸಿ ಮತ್ತೆ ತುಂಬುವಾಗ ಮತ್ತು ಹೊಸ ಕಂಪ್ಯೂಟರು ಕೊಂಡಾಗ. ಆಗ ಹೊಸ ಯೂಸರ್ ಫೋಲ್ಡರಿನ ಹೆಸರು ಬದಲಿಸಿ, ಆ ಜಾಗಕ್ಕೆ ನಮ್ಮದನ್ನು ತಂದಿಡಬೇಕು, ತಂತ್ರಾಂಶ ಮುಚ್ಚಿರುವಾಗಲೇ.

ಮಕ್ಕಳೇ, ಮೊಬೈಲಿನಲ್ಲಿಯೂ ಇದೇ ಕಥೆ. ಆಂಡ್ರಾಯ್ಡ್ ಫೋನಿನಲ್ಲಿ ಆಟವನ್ನು ಅಪ್‌ಡೇಟ್ ಮಾಡಿದರೆ ನೀವು ಗೆದ್ದ ಹಂತಗಳು ಉಳಿಯುತ್ತವೆ. ಅನ್‌ಇನ್‌ಸ್ಟಾಲ್ ಮಾಡಿದರೆ, ಬೇರೆಡೆ ನಕಲು ಉಳಿದಿರದಿದ್ದರೆ, ಮತ್ತೆ ಮೊದಲಿನಿಂದ ಶುರು. ಇನ್ನೊಂದು ಗುಂಡಿ 'ಕ್ಲಿಯರ್ ಕ್ಯಾಶ್'. ಮೊದಲು ಕೇಳಿದಾಗ ಬ್ಯಾಂಕಿನವನಾದ ನನ್ನ ಎದೆ ಧಸಕ್ಕೆಂದಿತು! ಅದು ನಗದಲ್ಲ, ತಾತ್ಕಾಲಿಕ ಕಡತಗಳು, ಹೋದರೆ ನಷ್ಟವಿಲ್ಲ. ಪಕ್ಕದ 'ಕ್ಲಿಯರ್ ಡೇಟಾ' ಅಥವಾ 'ಕ್ಲಿಯರ್ ಸ್ಟೋರೇಜ್' ಒತ್ತಿದರೆ ಮಾತ್ರ ಸಹಿ ಕಾರ್ಡಿನ ಪೆಟ್ಟಿಗೆಗೇ ಬೆಂಕಿ.

ಹೊಸ ಆವೃತ್ತಿ ಕೂತಿತು. ಮೊಮ್ಮಗಳು ಎದ್ದು ಅಜ್ಜಿಗೆ ಕುರ್ಚಿ ಬಿಟ್ಟುಕೊಟ್ಟಳು. ಮನೆಯಾಕೆ ಕನ್ನಡಕ ಸರಿಮಾಡಿಕೊಂಡು ಎರಡಕ್ಷರ ಒತ್ತಿದಳು. ಉಪ್ಪು ರುಚಿಗೆ ತಕ್ಕಷ್ಟು ಬಿತ್ತು. "ಇನ್ನು 'ಬೆಸೇ' ಸೇರಿಸು ಪುಟ್ಟಿ" ಎಂದಳು, "ಬೆಲ್ಲ ಸ್ವಲ್ಪ ಸೇರಿಸಿದರೆ ಚೆನ್ನ."