ತಿರುಗುವ ದೀಪಕ್ಕೆ ಕರೆಂಟು ದಾಟಿಸಿದ ಕರಿ ತುಂಡು

ಗಣಪತಿಯ ಹಿಂದೆ ಬಣ್ಣದ ದೀಪಗಳ ಚಕ್ರ ಕಟ್ಟಿ ತಿರುಗಿಸಬೇಕೆಂದು ಹನಗೋಡಿನ ಹುಡುಗರು ಹೊರಟರೆ ಮೊದಲು ಎದುರಾಗುವ ತೊಡಕು ಒಂದೇ. ಚಕ್ರ ತಿರುಗುತ್ತದೆ, ಅದಕ್ಕೆ ಕರೆಂಟು ತರುವ ವೈರು ತಿರುಗುವುದಿಲ್ಲ. ನಾಲ್ಕು ಸುತ್ತಿಗೇ ವೈರು ಹುರಿಗೊಂಡು ಕಿತ್ತುಬರುತ್ತದೆ. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಮೈತುಂಬ ದೀಪ ಹೊತ್ತು ಸುತ್ತುವ ಜೈಂಟ್ ವೀಲಿನದೂ ಇದೇ ಸಮಸ್ಯೆ. ನಿಂತ ವೈರಿನಿಂದ ಸುತ್ತುವ ಚಕ್ರಕ್ಕೆ ಕರೆಂಟು ದಾಟಿಸುವ ಒಳ್ಳೆಯ ದಾರಿ ಸಿಕ್ಕಲು ಅರವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಮೊದಲು ಸಿಕ್ಕಿದ್ದು ಪಾದರಸ. 1821ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ತಂತಿಯೊಂದನ್ನು ತೂಗುಬಿಟ್ಟು, ಅದರ ತುದಿಯನ್ನು ಪಾದರಸದ ಬಟ್ಟಲಲ್ಲಿ ಅದ್ದಿ ಬ್ಯಾಟರಿ ಜೋಡಿಸಿದರು. ತಂತಿ ಅಯಸ್ಕಾಂತದ ಸುತ್ತ ಸುತ್ತತೊಡಗಿತು. ಮರುವರ್ಷ ಪೀಟರ್ ಬಾರ್ಲೋ ನಕ್ಷತ್ರದ ಆಕಾರದ ತಾಮ್ರದ ಚಕ್ರ ಮಾಡಿದರು. ಅದರ ಮೊನೆಗಳು ಒಂದಾದ ಮೇಲೊಂದು ಪಾದರಸವನ್ನು ಮುಟ್ಟಿ ಕರೆಂಟು ತೆಗೆದುಕೊಳ್ಳುತ್ತಿದ್ದವು. ಇಬ್ಬರ ಗಮನವೂ ಚಲನೆಯ ಮೇಲಿತ್ತು, ತಿರುಗುವುದಕ್ಕೆ ಕರೆಂಟು ಕೊಡುವ ದಾರಿ ಅದರ ಜತೆಯಲ್ಲೇ ಸಿಕ್ಕಿಬಿಟ್ಟಿತು. ಆದರೆ ಪಾದರಸ ಚೆಲ್ಲುತ್ತದೆ, ಅದರ ಆವಿ ವಿಷ. ಪ್ರಯೋಗಶಾಲೆಯ ಮೇಜಿಗೆ ಸರಿ, ಕಾರ್ಖಾನೆಗೆ ಆಗದು.

ಮುಂದೆ, ತಿರುಗಿಸಿ ಕರೆಂಟು ಹುಟ್ಟಿಸುವ ಡೈನಮೋಗಳು ಬಂದವು. ತಿರುಗುವ ಭಾಗದ ಮೇಲೆ ತಾಮ್ರದ ತಂತಿಗಳ ಕಟ್ಟನ್ನು ಒತ್ತಿ ಹಿಡಿದು ಕರೆಂಟು ತೆಗೆಯುತ್ತಿದ್ದರು. ಬ್ರಷ್ ಎಂಬ ಹೆಸರು ಉಳಿದದ್ದು ಆ ಕಟ್ಟಿನಿಂದ. ತಾಮ್ರಕ್ಕೆ ತಾಮ್ರ ಉಜ್ಜಿ ಎರಡೂ ಸವೆಯುತ್ತಿದ್ದವು, ಕಿಡಿ ಹಾರಿ ಕಮ್ಯುಟೇಟರ್, ಅಂದರೆ ತಿರುಗುವ ಭಾಗದ ಮೇಲಿನ ಸೀಳು ಸೀಳಾದ ತಾಮ್ರದ ಬಳೆ, ಸುಟ್ಟುಹೋಗುತ್ತಿತ್ತು. ಕರೆಂಟು ಚೆನ್ನಾಗಿ ಹರಿಯಬೇಕಾದರೆ ತಾಮ್ರವೇ ಬೇಕೆಂಬುದು ಎಲ್ಲರ ಎಣಿಕೆಯಾಗಿತ್ತು.

ಸ್ಕಾಟ್ಲೆಂಡಿನ ಜಾರ್ಜ್ ಫೋರ್ಬ್ಸ್ ಈ ಎಣಿಕೆಯನ್ನು ಬಿಟ್ಟರು. ಅವರು ಆರಿಸಿಕೊಂಡದ್ದು ಇಂಗಾಲ. ತಾಮ್ರಕ್ಕೆ ಹೋಲಿಸಿದರೆ ಅದು ಕರೆಂಟಿಗೆ ಬಹಳ ಹೆಚ್ಚು ತಡೆ ಒಡ್ಡುವ ವಸ್ತು. ಆ ತಡೆಯೇ ಕೆಲಸಕ್ಕೆ ಬಂತು. ಬ್ರಷ್ಷು ಕಮ್ಯುಟೇಟರಿನ ಪಕ್ಕಪಕ್ಕದ ಎರಡು ಪಟ್ಟಿಗಳನ್ನು ಒಟ್ಟಿಗೆ ಮುಟ್ಟಿದಾಗ ಒಳಗಿನ ಸುರುಳಿಯಲ್ಲಿ ಸುತ್ತುಗಟ್ಟುವ ವ್ಯರ್ಥ ಕರೆಂಟನ್ನು ಇಂಗಾಲ ತಗ್ಗಿಸಿತು, ಕಿಡಿ ಇಳಿಯಿತು. ಇಂಗಾಲ ನುಣುಪಾಗಿ ಜಾರುತ್ತದೆ, ತಾನು ಸವೆದು ತಾಮ್ರವನ್ನು ಉಳಿಸುತ್ತದೆ. 1885ರಲ್ಲಿ ಅವರು ಪಡೆದ ಪೇಟೆಂಟಿನ ಶೀರ್ಷಿಕೆಯಲ್ಲೇ ಒಂದಕ್ಕೊಂದು ಚಲಿಸುವ ಮೇಲ್ಮೈಗಳ ನಡುವೆ ವಿದ್ಯುತ್ ಸಂಪರ್ಕ ಕಲ್ಪಿಸುವ ಮಾತಿದೆ. ಇಡೀ ಸಮಸ್ಯೆಯನ್ನು ಇಷ್ಟು ಸ್ಪಷ್ಟವಾಗಿ ಕಂಡವರು ಅವರು. ಅಮೆರಿಕದ ಹಕ್ಕು ವೆಸ್ಟಿಂಗ್‌ಹೌಸ್ ಪಾಲಾಯಿತು. ಕಾರ್ಬನ್ ಬ್ರಷ್ ಇಲ್ಲದ ಮಿಕ್ಸಿ ಇವತ್ತಿಗೂ ಅಪರೂಪ. ಫೋರ್ಬ್ಸ್ ಮಾತ್ರ ಮುಪ್ಪಿನಲ್ಲಿ ಬಡತನದಲ್ಲಿ ಬದುಕಿ 1936ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಪಾಠಪುಸ್ತಕಗಳಲ್ಲಿ ಬರಬೇಕು.

1902ರಲ್ಲಿ ಶಿವನಸಮುದ್ರದ ಕಾವೇರಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸುವ ಹೊತ್ತಿಗೆ ಕಾರ್ಬನ್ ಬ್ರಷ್ ಪಳಗಿದ ವಸ್ತುವಾಗಿತ್ತು.

ದೀಪದ ಚಕ್ರಕ್ಕೆ ಕಮ್ಯುಟೇಟರ್ ಬೇಡ, ಸ್ಲಿಪ್ ರಿಂಗ್ ಸಾಕು. ಅದು ಸೀಳಿಲ್ಲದ ಲೋಹದ ಬಳೆ. ಬಳೆ ಚಕ್ರದ ಜತೆ ತಿರುಗುತ್ತದೆ, ಬ್ರಷ್ ನಿಂತಲ್ಲೇ ಒತ್ತಿಕೊಂಡಿರುತ್ತದೆ. ಬಂಗಾಳದ ಚಂದನನಗರದ ಕುಶಲಿಗಳು ದೀಪಗಳನ್ನು ನಿಲ್ಲಿಸಿ, ತಾಮ್ರದ ಪಟ್ಟಿ ಹೊಡೆದ ಮರದ ರೋಲರನ್ನು ತಿರುಗಿಸಿ, ಬೆಳಕೇ ಓಡಾಡುವಂತೆ ಮಾಡಿದರು. ಅಲ್ಲೂ ಇದ್ದದ್ದು ಉಜ್ಜುವ ಸಂಪರ್ಕವೇ.

ಪಾದರಸವನ್ನು ಒಳಗೆ ಮುಚ್ಚಿಟ್ಟ ರೋಟರಿ ಕನೆಕ್ಟರುಗಳೂ ಈಗ ಸಿಗುತ್ತವೆ. ತಡೆ ಬಹಳ ಕಡಿಮೆ, ಸವೆತವೂ ಕಡಿಮೆ. ಆದರೆ ಹಲವು ಮಾದರಿಗಳನ್ನು ನೆಟ್ಟಗೇ ನಿಲ್ಲಿಸಬೇಕು. ದೇವರ ಹಿಂದಿನ ಚಕ್ರದ ಅಚ್ಚು ಮಲಗಿರುತ್ತದೆ, ಮೆರವಣಿಗೆಯ ಟ್ರ್ಯಾಕ್ಟರು ಕುಲುಕುತ್ತದೆ. ಜನ ಸೇರುವ ಕಡೆ ಪಾದರಸ ಬೇಡವೇ ಬೇಡ ಎಂಬುದು ನನ್ನ ತೀರ್ಮಾನ.

ಬ್ರಷ್ಷಿನ ಸ್ಲಿಪ್ ರಿಂಗ್ ಕೊಳ್ಳುವಾಗ ವೋಲ್ಟಿನಷ್ಟೇ ಆಂಪಿಯರ್ ನೋಡಿ. ಒಟ್ಟು 60 ವಾಟಿನ ದೀಪಗಳಿಗೆ 230 ವೋಲ್ಟಿನಲ್ಲಿ ಕಾಲು ಆಂಪಿಯರಿನಷ್ಟು ಕರೆಂಟು ಹರಿದರೆ, 12 ವೋಲ್ಟಿನಲ್ಲಿ 5 ಆಂಪಿಯರ್ ಹರಿಯುತ್ತದೆ. ಬಣ್ಣ ಬದಲಿಸುವ ಎಲ್‌ಇಡಿಯಾದರೆ ಅದರ ಸಿಗ್ನಲ್ಲಿಗೆ ಬೇರೆ ಬಳೆ ಇರಲಿ. ಗಣಪತಿ ಬರುವುದು ಮಳೆಗಾಲದಲ್ಲಿ, ಆದ್ದರಿಂದ ನೀರು ಹೋಗದಂತೆ ಮುಚ್ಚಿದ್ದನ್ನೇ ತನ್ನಿ. ಆದಷ್ಟೂ 12 ವೋಲ್ಟಿನ ದೀಪವನ್ನೇ ಕಟ್ಟಿ. 230 ವೋಲ್ಟನ್ನೇ ಕಬ್ಬಿಣದ ಚಕ್ರಕ್ಕೆ ಕೊಡುವುದಾದರೆ ಅರ್ತಿಂಗಿಗೂ ಒಂದು ಬಳೆ ಇಲ್ಲದ ಸ್ಲಿಪ್ ರಿಂಗನ್ನು ದಯವಿಟ್ಟು ಕೊಳ್ಳಬೇಡಿ.