‘ಮರ್ಮರ್’ ಶಬ್ದದ ಅರ್ಥವ್ಯಾಪ್ತಿ

ಆಂಗ್ಲ ದಾಖಲೆಗಳನ್ನು ಕನ್ನಡಿಸುವಾಗ ಇತಿಹಾಸದ ವಿದ್ಯಾರ್ಥಿಯು ದೊಡ್ಡ ಪದಗಳಿಗಿಂತ ಸಣ್ಣ ಪದಗಳಲ್ಲಿಯೇ ಹೆಚ್ಚಾಗಿ ಎಡವುವುದುಂಟು. ಮೆಲುದನಿಯನ್ನು ಸೂಚಿಸುವ ‘ಮರ್ಮರ್’ ಎಂಬುದು ಅಂತಹ ಪದಗಳಲ್ಲೊಂದು. ಅದರ ಅರ್ಥವ್ಯಾಪ್ತಿಯನ್ನೂ ಅದಕ್ಕೆ ಸಲ್ಲುವ ಕನ್ನಡ ಪದಗಳನ್ನೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪದವು ಲ್ಯಾಟಿನ್ ಮೂಲದ್ದು. ಫ್ರೆಂಚ್ ಭಾಷೆಯ ಮೂಲಕ ಆಂಗ್ಲಕ್ಕೆ ಬಂದಿತು. ಲ್ಯಾಟಿನ್ನಿನಲ್ಲಿ ಅದು ಕಡಲ ಮೊರೆತಕ್ಕೂ ಸಲ್ಲುತ್ತಿದ್ದಿತು. ಸಂಸ್ಕೃತದ ‘ಮರ್ಮರ’ವೂ ಇದರಂತೆಯೇ ಅನುಕರಣ ಶಬ್ದ. ಆದರೆ ಅಮರಕೋಶವು ಅದನ್ನು ವಸ್ತ್ರ ಮತ್ತು ಎಲೆಗಳ ಸಪ್ಪಳಕ್ಕೆ ಮೀಸಲಿಟ್ಟಿದೆ. ಆಭರಣಗಳ ದನಿಗೆ ‘ಶಿಂಜಿತ’ವೆಂಬ ಬೇರೆ ಹೆಸರೇ ಇದೆ. ಆದುದರಿಂದ ಉಚ್ಚಾರಸಾಮ್ಯವನ್ನು ನಂಬಿ ಎಲ್ಲೆಡೆಯೂ ‘ಮರ್ಮರ’ವೆಂದು ಬರೆಯುವುದು ಯುಕ್ತವಲ್ಲ.

ಆಂಗ್ಲದಲ್ಲಿ ಈ ಪದಕ್ಕೆ ಮೂರು ಮುಖ್ಯ ಅರ್ಥಗಳಿವೆ. ಮೊದಲನೆಯದು, ಎಡೆಬಿಡದ ಅಸ್ಪಷ್ಟ ನಾದ: ತೊರೆಯದು, ದುಂಬಿಯದು, ದೂರದ ಜನಸಂದಣಿಯದು. ಎರಡನೆಯದು, ತಗ್ಗಿದ ದನಿಯ ಮಾತು. ಮೂರನೆಯದು, ಅಸಮಾಧಾನ. 1611ರ ಆಂಗ್ಲ ಬೈಬಲಿನಲ್ಲಿ ಇಸ್ರಾಯೇಲ್ಯರು ಮರಳುಗಾಡಿನಲ್ಲಿ ಮೋಶೆಯ ವಿರುದ್ಧ ಆಡಿಕೊಂಡುದಕ್ಕೆ ಇದೇ ಪದವಿದೆ. ‘ಮರ್ಮರ್ ಇಲ್ಲದೆ’ ಒಪ್ಪಿದನೆಂದರೆ ತುಟಿಪಿಟಕ್ಕೆನ್ನದೆ ಒಪ್ಪಿದನೆಂದು ಅರ್ಥ. ಇವಲ್ಲದೆ, ಹೃದಯದಲ್ಲಿ ರಕ್ತವು ಕದಡಿ ಹರಿದಾಗ ಕೇಳುವ ಸದ್ದನ್ನು ವೈದ್ಯರೂ, ಘಕಾರ ಭಕಾರಾದಿ ಘೋಷ ಮಹಾಪ್ರಾಣಗಳಲ್ಲಿ ಉಸಿರು ಬೆರೆತ ನಾದವನ್ನು ಧ್ವನಿಶಾಸ್ತ್ರಜ್ಞರೂ ಇದೇ ಹೆಸರಿನಿಂದ ಕರೆಯುತ್ತಾರೆ.

ಆಂಗ್ಲವು ಒಂದೇ ಪದದಲ್ಲಿ ಅಡಕಮಾಡಿದ ಈ ಅರ್ಥಗಳನ್ನು ಕನ್ನಡವು ಬೇರೆಬೇರೆಯಾಗಿ ಹೇಳುತ್ತದೆ. ತೊರೆಗೆ ಜುಳುಜುಳು, ದುಂಬಿಗೆ ಝೇಂಕಾರ. ಕನಕಗಿರಿಯ ಕನಕಾಚಲಪತಿಯ ಜಾತ್ರೆಯಲ್ಲಿ ನೆರೆದ ಜನರದು ಗುಜುಗುಜು. ಅದೇ ಜನರಲ್ಲಿ ಇಬ್ಬರು ಗುಟ್ಟನ್ನು ಹಂಚಿಕೊಂಡರೆ ಗುಸುಗುಸು. ತನ್ನಷ್ಟಕ್ಕೆ ಹಾಡಿಕೊಳ್ಳುವವನು ಗುನುಗುತ್ತಾನೆ, ಬೇಸರಗೊಂಡವನು ಗೊಣಗುತ್ತಾನೆ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣನಗರವನ್ನೂ ಹೆಸರಿಸಿದೆ. ಅಂತಹ ನೆಲದವರಾದ ನಾವು ಈ ಸೂಕ್ಷ್ಮಭೇದಗಳನ್ನು ಅಲಕ್ಷಿಸುವುದು ಉಚಿತವಲ್ಲ.

ಈ ಭೇದವು ಕೇವಲ ಶಬ್ದಾಲಂಕಾರದ ವಿಷಯವಲ್ಲ. 1858ರಲ್ಲಿ ಮುಂಡರಗಿಯ ಭೀಮರಾಯರು ಬ್ರಿಟಿಷರ ವಿರುದ್ಧ ದಂಗೆಯೆದ್ದು, ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಹತರಾದರು. ಅಂತಹ ಕಾಲದ ಬರಹವೊಂದರಲ್ಲಿ ಪ್ರಜೆಗಳ ವಿಷಯವಾಗಿ ಈ ಪದವು ಬಂದಿದೆಯೆಂದು ಭಾವಿಸೋಣ. ಅದನ್ನು ‘ಗುಸುಗುಸು’ ಎಂದರೆ ಪ್ರಜೆಗಳು ಒಳಸಂಚುಗಾರರಾಗುತ್ತಾರೆ, ‘ಗೊಣಗಾಟ’ವೆಂದರೆ ಅವರ ದುಃಖವು ಕ್ಷುಲ್ಲಕವಾಗುತ್ತದೆ, ‘ಅಸಮಾಧಾನ’ವೆಂದರೆ ಅದಕ್ಕೊಂದು ಕಾರಣವಿದ್ದಿರಬೇಕೆಂದು ಓದುಗನು ಹುಡುಕತೊಡಗುತ್ತಾನೆ. ಮೂಲದ ಪದ ಒಂದೇ, ತೀರ್ಪುಗಳು ಮೂರು.

ಆದುದರಿಂದ ಅನುವಾದಕನು ನಿಘಂಟನ್ನು ತೆರೆಯುವ ಮುನ್ನ, ದನಿ ಯಾರದು, ಅದನ್ನು ಕೇಳಿ ಬರೆದವರು ಯಾರು ಎಂಬೆರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಅವಶ್ಯಕ. ದಾಖಲೆಯನ್ನು ಬರೆದವನಿಗೆ ಅಸ್ಪಷ್ಟವಾಗಿ ಕೇಳಿಸಿದುದು, ಆಡಿದವರಿಗೆ ಸ್ಪಷ್ಟವಾದ ಮಾತೇ ಆಗಿದ್ದಿರಬಹುದು.