ಸೇಲಂನ ಪಾನನಿರೋಧ, ಅದರ ಬೆನ್ನಿಗೇ ಬಂದ ತೆರಿಗೆ

1937ರ ಅಕ್ಟೋಬರ್ 1ರಂದು ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿ ಕಳ್ಳು, ಸಾರಾಯಿ ಅಂಗಡಿಗಳು ಮುಚ್ಚಿದವು. ದೇಶದಲ್ಲಿ ಚುನಾಯಿತ ಸರ್ಕಾರವೊಂದು ಇಡೀ ಜಿಲ್ಲೆಗೆ ಪಾನನಿರೋಧ ತಂದದ್ದು ಅದೇ ಮೊದಲು. ಆಗಿನ ಸೇಲಂ ಈಗಿನಷ್ಟು ಚಿಕ್ಕದಲ್ಲ. ಇಂದಿನ ಧರ್ಮಪುರಿ, ನಾಮಕ್ಕಲ್, ಕೃಷ್ಣಗಿರಿ ಜಿಲ್ಲೆಗಳೂ, ಕನ್ನಡದ ಮನೆಗಳಿರುವ ಹೊಸೂರು, ಡೆಂಕಣಿಕೋಟೆ ಸೀಮೆಯೂ ಅದರೊಳಗೇ ಇದ್ದವು.

ಕಾನೂನಿಗಿಂತ ಮೊದಲು ನಡೆದದ್ದು ಪ್ರಚಾರ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಸಿ. ರಾಜಗೋಪಾಲಾಚಾರಿ (ರಾಜಾಜಿ) ಸೇಲಂನಲ್ಲಿ ವಕೀಲರಾಗಿದ್ದವರು. 1917ರಿಂದ 1919ರವರೆಗೆ ಅಲ್ಲಿನ ಪುರಸಭೆಯ ಅಧ್ಯಕ್ಷರೂ ಹೌದು. 1925ರಲ್ಲಿ ತಿರುಚ್ಚೆಂಗೋಡಿನ ಹತ್ತಿರ ಪುದುಪಾಳಯದಲ್ಲಿ ಅವರು ಗಾಂಧಿ ಆಶ್ರಮ ಕಟ್ಟಿದರು. ಅದನ್ನು ಉದ್ಘಾಟಿಸಿದವರು ಮುಂದೆ ದ್ರಾವಿಡ ಚಳವಳಿಯ ನಾಯಕರಾಗಿ ರಾಜಾಜಿಯವರ ಎದುರಾಳಿಯಾದ ಪೆರಿಯಾರ್ ಎಂಬುದು ಮುಂದಿನ ತಮಿಳು ರಾಜಕೀಯ ಬಲ್ಲವರಿಗೆ ಸೋಜಿಗವೆನಿಸೀತು. 1929ರಲ್ಲಿ ಆಶ್ರಮದಿಂದ ‘ವಿಮೋಚನಂ’ ಎಂಬ ತಮಿಳು ಮಾಸಪತ್ರಿಕೆ ಹೊರಟಿತು. ಕುಡಿತ ಬಿಡಿಸುವುದೊಂದೇ ಅದರ ಕೆಲಸ. ಸಂಪಾದಕತ್ವ ರಾಜಾಜಿಯವರದು, ಜೊತೆಗಿದ್ದವರು ಮುಂದೆ ಕಾದಂಬರಿಕಾರರಾಗಿ ಮನೆಮಾತಾದ ಕಲ್ಕಿ ಕೃಷ್ಣಮೂರ್ತಿ. ಬರೀ ಉಪದೇಶವಾಗದೆ ಕಥೆ, ಚಿತ್ರಗಳೂ ಇದ್ದ ಪತ್ರಿಕೆ ಹತ್ತು ಸಂಚಿಕೆಗಳಿಗೇ ನಿಂತಿತು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಬಂದು ರಾಜಾಜಿ ಜೈಲು ಸೇರಿದರು.

1937ರ ಜುಲೈಯಲ್ಲಿ ಅವರೇ ಪ್ರಾಂತ್ಯದ ಪ್ರಧಾನಿ (ಇಂದಿನ ಮುಖ್ಯಮಂತ್ರಿಯಂತೆ) ಆದರು. ಪ್ರಯೋಗಕ್ಕೆ ಸ್ವಂತ ಜಿಲ್ಲೆಯನ್ನೇ ಆರಿಸಿಕೊಂಡರು.

ಆದರೆ ಕಳ್ಳು ಇಳಿಸುವವರನ್ನು ಹಿಡಿಯುವುದು ಹೇಳಿದಷ್ಟು ಸುಲಭವಲ್ಲ. ತೆಂಗಿನ ಅಥವಾ ತಾಳೆಯ ಹೊಂಬಾಳೆಯ ತುದಿ ಕೊಯ್ದು ಗಡಿಗೆ ಕಟ್ಟಿದರೆ ತೊಟ್ಟಿಕ್ಕುವುದು ಸಿಹಿ ರಸ, ಅಂದರೆ ನೀರಾ. ಅದು ಕೆಲವೇ ಗಂಟೆಗಳಲ್ಲಿ ತಾನಾಗಿ ಹುಳಿಯೆದ್ದು ಕಳ್ಳಾಗುತ್ತದೆ. ಗಡಿಗೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಹುಳಿ ಏಳದೆ ನೀರಾ ಆಗಿಯೇ ಉಳಿಯುತ್ತದೆ, ಕಾಯಿಸಿದರೆ ಬೆಲ್ಲ. ಮರ ಅದೇ, ಹತ್ತುವವನೂ ಅವನೇ. ಅಪರಾಧ ಹೌದೋ ಅಲ್ಲವೋ ಎಂಬುದನ್ನು ಒಂದು ಲೇಪ ಸುಣ್ಣ ತೀರ್ಮಾನಿಸಬೇಕು. ಕಳ್ಳು ಇಳಿಸಿ ಬದುಕುತ್ತಿದ್ದವರಿಗೆ ಬೆಲ್ಲದ ದಾರಿಯೇನೋ ಇತ್ತು. ಆದರೆ ಸೌದೆ ಹೊಂದಿಸಿ, ಗಂಟೆಗಟ್ಟಲೆ ಒಲೆಯ ಮುಂದೆ ಕೂರಬೇಕಾದ ಬೆಲ್ಲ, ಇಳಿಸಿದ ಕೂಡಲೇ ಕಾಸಾಗುವ ಕಳ್ಳಿಗೆ ಸಾಟಿಯಾಗುವುದು ಕಷ್ಟವೇ. ಹೊಸೂರಿನ ಗಡಿ ದಾಟಿದರೆ ಮೈಸೂರು ಸಂಸ್ಥಾನ. ಅಲ್ಲಿ ಈ ಕಾನೂನು ನಡೆಯುತ್ತಿರಲಿಲ್ಲ.

1938ರಲ್ಲಿ ಚಿತ್ತೂರು, ಕಡಪ ಜಿಲ್ಲೆಗಳಿಗೆ, ಮರುವರ್ಷ ಉತ್ತರ ಆರ್ಕಾಟಿಗೆ ಪಾನನಿರೋಧ ಹಬ್ಬಿತು. ಅಬಕಾರಿ ವರಮಾನ ಖೋತಾ ಆಗುತ್ತ ಹೋದಂತೆ ಬೊಕ್ಕಸ ತುಂಬಲು ಬೇರೆ ಮೂಲ ಬೇಕಾಯಿತು. ಅದಕ್ಕಾಗಿ 1939ರಲ್ಲಿ ಬಂದದ್ದೇ ಮದ್ರಾಸ್ ಸಾಮಾನ್ಯ ಮಾರಾಟ ತೆರಿಗೆ ಕಾಯ್ದೆ. ಸರಕಿನ ಭೇದವಿಲ್ಲದೆ ವ್ಯಾಪಾರದ ಮೇಲೆ ಹಾಕುವ ಈ ತೆರಿಗೆಯಲ್ಲೂ ಮದ್ರಾಸೇ ದೇಶಕ್ಕೆ ಮೊದಲು. ವರ್ತಕರು ಗೊಣಗಿದರೂ ಉಳಿದ ಪ್ರಾಂತ್ಯಗಳು ಒಂದೊಂದಾಗಿ ಅದೇ ಹಾದಿ ಹಿಡಿದವು.

ಯುದ್ಧಕಾಲದಲ್ಲಿ ಅಮಾನತಾದ ಪಾನನಿರೋಧ ಸ್ವಾತಂತ್ರ್ಯದ ಹೊತ್ತಿಗೆ ಮರಳಿ, 1948ರಲ್ಲಿ ಇಡೀ ಪ್ರಾಂತ್ಯವನ್ನು ಆವರಿಸಿತು. 1971ರಲ್ಲಿ ತಮಿಳುನಾಡಿನ ಕರುಣಾನಿಧಿ ಸರ್ಕಾರ ಅದನ್ನು ಸಡಿಲಿಸಿತು. 1974ರ ಹೊತ್ತಿಗೆ ಮತ್ತೆ ಬಿಗಿ, 1981ರಲ್ಲಿ ಮುಖ್ಯಮಂತ್ರಿ ಎಂ.ಜಿ.ಆರ್. ಕಾಲದಲ್ಲಿ ಮತ್ತೆ ಸಡಿಲ. 1983ರಲ್ಲಿ ಹುಟ್ಟಿದ ಸರ್ಕಾರಿ ಮದ್ಯ ಮಾರಾಟ ನಿಗಮ ಟಾಸ್ಮಾಕ್ 2003ರಿಂದ ಚಿಲ್ಲರೆ ಅಂಗಡಿಗಳನ್ನೂ ತಾನೇ ನಡೆಸುತ್ತಿದೆ. ಸೇಲಂ, ಧರ್ಮಪುರಿಯ ಕಾಲೇಜು ಹುಡುಗರ ಪಾಲಿಗೆ ಈಗ ಉಳಿದಿರುವ ನಿರ್ಬಂಧ 21 ವರ್ಷದ ವಯೋಮಿತಿ. 2017ರಲ್ಲಿ ಜಿಎಸ್‌ಟಿ ಬಂದು ಬಹುತೇಕ ಸರಕುಗಳ ಮಾರಾಟ ತೆರಿಗೆ ಹೋಯಿತು. ಆ ತೆರಿಗೆಯನ್ನು ರಾಜ್ಯಗಳು ಇನ್ನೂ ವಸೂಲು ಮಾಡುತ್ತಿರುವ ಬೆರಳೆಣಿಕೆಯ ಸರಕುಗಳಲ್ಲಿ ಪೆಟ್ರೋಲ್, ಡೀಸೆಲ್ ಜೊತೆಗೆ ಮದ್ಯವೂ ಒಂದು.